ಪಂಪಿನ ಪೆಟ್ಟಿಗೆಯಲ್ಲಿ ವಸಂತ

ಉದ್ಯಾನ ಇಲಾಖೆಯಲ್ಲಿ ಕೆಲಸ ಎಂದ ಮಾತ್ರಕ್ಕೆ ನಾಲ್ಕು ಮಹಡಿಯ ಆ ಕಟ್ಟಡದವರೆಲ್ಲ ಅವನನ್ನು ಹಸಿರಪ್ಪ ಎಂದು ಕರೆಯತೊಡಗಿದ್ದರು. ಇಲಾಖೆಯಲ್ಲಿ ಅವನ ಪಾಲಿಗೆ ಬಂದಿದ್ದುದು ಬೆಂಚುಗಳ ವಿಭಾಗ. ಬೆಂಚಿಗೆ ಬಣ್ಣ ಬಳಿಸುವುದು, 'ಬಣ್ಣ ಹಸಿಯಾಗಿದೆ, ಕೂರಬೇಡಿ' ಎಂಬ ಹಲಗೆ ನಿಲ್ಲಿಸುವುದು, ಆಮೇಲೂ ಕೂತವರ ಪ್ಯಾಂಟಿನ ಬಗ್ಗೆ ಬಂದ ದೂರಿಗೆ ಸಮಾಧಾನ ಹೇಳುವುದು, ಇಷ್ಟೇ ಅವನ ಪ್ರಕೃತಿಸೇವೆ. ಹಸಿರಪ್ಪನಿಗೆ ಹಸಿರಿಗಿಂತ ಹಸಿಯೇ ಚೆನ್ನಾಗಿ ಗೊತ್ತಿತ್ತು. ಯಾವ ಮರವೇ ಆಗಲಿ, ಅದು ಹಲಗೆಯಾಗಿ ನಾಲ್ಕು ಕಾಲು ಬಂದ ಮೇಲಷ್ಟೇ ಅವನಿಗೆ ಪರಿಚಯವಾಗುತ್ತಿತ್ತು.

ಆದರೆ ಮೆಟ್ಟಿಲ ಮೇಲೆ ಯಾರಾದರೂ ತಡೆದು ನಿಲ್ಲಿಸಿ, "ಸಾರ್, ನಮ್ಮ ಕುಂಡದ ಎಲೆ ಯಾಕೋ ಹಳದಿ ಆಗ್ತಿದೆಯಲ್ಲ?" ಎಂದರೆ, "ನನಗೆ ಗೊತ್ತಿಲ್ಲ ಕಣ್ರೀ" ಎನ್ನಲು ಅವನ ನಾಲಿಗೆ ಏಳುತ್ತಿರಲಿಲ್ಲ. ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, "ಹೂಂ... ಬೇರಿನ ವಿಷಯ" ಎನ್ನುತ್ತಿದ್ದ. ಎಲ್ಲ ಗಿಡಕ್ಕೂ ಬೇರು ಇರುವುದರಿಂದ ಈ ಉತ್ತರ ಎಂದೂ ಸುಳ್ಳಾಗಿರಲಿಲ್ಲ.

ಇದನ್ನು ಚಾಚೂ ತಪ್ಪದೆ ನಂಬಿದ್ದವಳು ಅವನ ಏಳು ವರ್ಷದ ಮಗಳು. "ನಮ್ಮಪ್ಪನಿಗೆ ಎಲ್ಲಾ ಹಕ್ಕಿ ಹೆಸರೂ ಗೊತ್ತು" ಎಂದು ತರಗತಿಯಲ್ಲಿ ಎದ್ದು ನಿಂತು ಘೋಷಿಸಿ ಬಂದಿದ್ದಳು. ಅದನ್ನು ಮನೆಗೆ ಬಂದು ಹೇಳಿದಾಗ ಹಸಿರಪ್ಪನ ಎದೆ ಉಬ್ಬಿತು. ಅಡುಗೆಮನೆಯಿಂದ ಹೆಂಡತಿ, "ಹೌದಮ್ಮ, ಎರಡು ಕಾಲಿದ್ರೆ ಹಕ್ಕಿ, ನಾಲ್ಕು ಕಾಲಿದ್ರೆ ಬೆಂಚು. ಅಷ್ಟು ಗೊತ್ತು ನಿಮ್ಮಪ್ಪಂಗೆ" ಎಂದಳು. ಎದೆ ಇಳಿಯಿತು.

ವಸಂತ ಬಂತು, ಅದರ ಹಿಂದೆಯೇ ಶಾಲೆಗೆ ರಜೆ ಬಂತು, ರಜೆಯ ಹಿಂದೆ ಮೆಟ್ಟಿಲುಗಳ ಮೇಲೆ ದಡದಡ ಸದ್ದು ಬಂತು. ಕಟ್ಟಡದ ಸಮಿತಿಯ ಕಾರ್ಯದರ್ಶಿ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹಾಲಿನವನ ಹತ್ತಿರ ಮಾತಾಡುವಾಗಲೂ ಕಟಕಟೆ ಬಿಟ್ಟು ಇಳಿಯದವರು. ಅವರು ಸಭೆ ಕರೆದು ಹೇಳಿದರು: "ಈ ಸಮಿತಿಯ ಮುಂದಿರೋ ಪ್ರಶ್ನೆ ಏನಪ್ಪಾ ಅಂದ್ರೆ, ಸದರಿ ಮಕ್ಕಳನ್ನ ಏನು ಮಾಡೋದು? ವಸಂತ ಶಿಬಿರ ಅಂತ ಒಂದು ನಡೆಸೋಣ. ಗಾಳಿಪಟ, ಬೀಜ ಬಿತ್ತೋದು, ಹಕ್ಕಿ ನೋಡೋದು. ನಮ್ಮಲ್ಲೇ ತಜ್ಞರಿದ್ದಾರೆ."

ತಜ್ಞರು ಯಾರೆಂದು ಹಸಿರಪ್ಪನೂ ಎಲ್ಲರ ಜೊತೆ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

ಮೊದಲ ದಿನ ಗಾಳಿಪಟ. ಹಸಿರಪ್ಪ ಅಂಟು ಎಷ್ಟು ಗಟ್ಟಿಯಾಗಿ ಕಲಸಿದನೆಂದರೆ, ಕಟ್ಟಿದ್ದು ಗಾಳಿಗೂ ಏರಲಿಲ್ಲ, ಗೋಡೆಗೆ ತೂಗುಹಾಕುವ ಪಟವೂ ಆಗಲಿಲ್ಲ. ಅಂಗಳದ ಈ ತುದಿಯಿಂದ ಆ ತುದಿಗೆ ಮಕ್ಕಳು ಅದನ್ನು ನಾಯಿಯನ್ನು ಎಳೆದಂತೆ ಎಳೆದು ಬಂದರು. ಎರಡನೆಯ ದಿನ ಬೀಜ ಬಿತ್ತನೆ. ಅಂಗಡಿಯಿಂದ ಪೊಟ್ಟಣ ತಂದು, ಪ್ರತಿ ಮಗುವಿನ ಕೈಗೂ ಹಂಚಿ, ಮಣ್ಣಲ್ಲಿ ಬೆರಳು ಹೇಗೆ ಊರಬೇಕೆಂದು ಗಂಭೀರವಾಗಿ ತೋರಿಸಿದ. ಕಾರ್ಯದರ್ಶಿಯ ಮೊಮ್ಮಗಳು ತನ್ನ ಪಾಲಿನದನ್ನು ಬಾಯಿಗೆ ಹಾಕಿಕೊಂಡು ನೋಡಿದಳು. ತಾತನ ರಕ್ತವೇ ಹರಿಯುತ್ತಿದ್ದ ಆ ಹುಡುಗಿಯನ್ನು ಎಲ್ಲರೂ ವಕೀಲಿ ಎಂದೇ ಕರೆಯುತ್ತಿದ್ದರು.

"ಅಂಕಲ್, ಇದು ಹುರಿದದ್ದು. ಉಪ್ಪೂ ಇದೆ."

"ಉಪ್ಪಿದ್ರೆ... ಬೇರಿಗೆ ಒಳ್ಳೇದು" ಎಂದ ಹಸಿರಪ್ಪ.

"ಹುರಿದದ್ದು ಮೊಳೆಯುತ್ತಾ?"

ಹಸಿರಪ್ಪ ಆಕಾಶ ನೋಡಿದ. ಮಗಳು ನೆಲ ನೋಡಿದಳು. ಅಂದು ಸಂಜೆ ಅವಳು ಊಟಕ್ಕೆ ಕೂತಾಗ ತಟ್ಟೆಗೆ ಹೇಳುವಂತೆ ಹೇಳಿದಳು: "ನಾಳೆ ಹಕ್ಕಿ. ಅದಾದ್ರೂ ಗೊತ್ತಲ್ವಾ ಅಪ್ಪಾ? ಅದೂ ಗೊತ್ತಿಲ್ಲಾಂದ್ರೆ ನಾನು ಕೆಳಗೆ ಆಡೋಕೆ ಹೋಗಲ್ಲ. ಶಾಲೆಗೂ ಹೋಗಲ್ಲ."

"ಗೊತ್ತು ಪುಟ್ಟೀ" ಎಂದ ಹಸಿರಪ್ಪ.

ಮೂರನೆಯ ದಿನ ಬೆಳಿಗ್ಗೆ ಮಕ್ಕಳೆಲ್ಲ ಸಾಲಾಗಿ ನಿಂತರು. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ದುರ್ಬೀನಜ್ಜಿ ತಮ್ಮ ತೀರಿಹೋದ ಯಜಮಾನರ ದುರ್ಬೀನು ಹಿಡಿದು ಸಜ್ಜಾದರು. ಅಜ್ಜಿಗೆ ರೇಡಿಯೋದಲ್ಲಿ ಆಟದ ವೀಕ್ಷಕ ವಿವರಣೆ ಕೇಳಿ ಕೇಳಿ ಅದೇ ಧಾಟಿ ಅಂಟಿಕೊಂಡಿತ್ತು. "ಬಲಗಡೆಯಿಂದ ಬಂತು... ಬಂತು... ತಂತಿಯ ಮೇಲೆ ಕೂತಿತು... ಅಯ್ಯೋ, ಎಲೆ!"

ಅಷ್ಟರಲ್ಲಿ ಒಂದು ಕಾಗೆ ಬಂತು. "ಕಾಗೆ" ಎಂದ ಹಸಿರಪ್ಪ. "ಗೊತ್ತು" ಎಂದರು ಮಕ್ಕಳು. ಇನ್ನೊಂದು ಬಂತು. "ಇದು?" "ಇದು... ಅದರ ಹೆಂಡತಿ" ಎಂದ. ಆಮೇಲೆ ಯಾವುದೂ ಬರಲಿಲ್ಲ. ಹಕ್ಕಿಗಳೆಲ್ಲ ಒಟ್ಟಿಗೆ ರಜೆ ಹಾಕಿದ್ದವು. ವಕೀಲಿ ಕೈಕಟ್ಟಿ ನಿಂತು, "ಎರಡನೇ ಮಹಡಿ ಆಂಟಿ ಡ್ಯಾನ್ಸ್ ಕಲಿಸ್ತಾರಂತೆ. ಅಲ್ಲಿಗೇ ಹೋಗೋಣ" ಎಂದಳು. ಸಾಲು ಅಲುಗಾಡಿತು. ಮಗಳ ಕೆಳತುಟಿ ನಡುಗಿತು.

ಆಗ ಚೆಂಡು ಹುಡುಕುತ್ತ ಕಾಂಪೌಂಡಿನ ಮೂಲೆಗೆ ಹೋಗಿದ್ದ ಯಾವುದೋ ಮಗು ಕಿರುಚಿತು: "ಅಂಕಲ್, ಗೂಡು! ಮೊಟ್ಟೆ!"

ಆ ಮೂಲೆಯಲ್ಲಿದ್ದುದು ನೀರಿನ ಪಂಪಿನ ಸ್ವಿಚ್ಚಿನ ಪೆಟ್ಟಿಗೆ. ಅದರ ಬಾಗಿಲು ಎಂದೋ ಕೀಲು ಕಿತ್ತು ಅರೆತೆರೆದು ನಿಂತಿತ್ತು. ಒಳಗೆ ಹಳೆಯ ಕಾಲದ ಒಂದು ಹಿಡಿ. ಕಾರ್ಯದರ್ಶಿ ದಿನವೂ ಆ ಹಿಡಿಯನ್ನು ಕೆಳಕ್ಕೆಳೆದರೆ ಕೆಳಗಿನ ತೊಟ್ಟಿಯ ನೀರು ಮೇಲಿನ ಟ್ಯಾಂಕಿಗೆ ಏರುತ್ತಿತ್ತು. ಈಗ ಸರಿಯಾಗಿ ಆ ಹಿಡಿ ಬಂದು ಕೂರುವ ಜಾಗದಲ್ಲಿ, ಸೆಣಬಿನ ನಾರಿನ ಒಂದು ದುಂಡನೆಯ ಗೂಡು. ಗೂಡಿನಲ್ಲಿ ಬೆಳ್ಳಗೆ ಹೊಳೆಯುವ ಮೂರು ಮೊಟ್ಟೆ.

ಹಸಿರಪ್ಪ ದೂರದಿಂದಲೇ ನೋಡಿದ. ಬದುಕಿನಲ್ಲಿ ಮೊದಲ ಸಲ ಪ್ರಕೃತಿ ಅವನ ಪರವಾಗಿ ಸಾಕ್ಷಿ ನುಡಿದಿತ್ತು. ಎರಡು ತೋಳನ್ನೂ ಚಾಚಿ ಮಕ್ಕಳನ್ನು ತಡೆದ.

"ಯಾರೂ ಹತ್ತಿರ ಹೋಗ್ಬೇಡಿ! ಇದು... ಇದು ನಾಚುಹಕ್ಕಿ ಗೂಡು. ಬಹಳ ಅಪರೂಪ. ಮನುಷ್ಯರ ಉಸಿರು ತಾಗಿದ್ರೆ ಆಯ್ತು, ತಾಯಿ ತಿರುಗಿ ನೋಡಲ್ಲ."

"ತಾಯಿ ಎಲ್ಲಿ?" ಎಂದಳು ವಕೀಲಿ.

"ನಾಚ್ಕೊಂಡಿದೆ."

ಮಗಳು ಅಪ್ಪನನ್ನು ನೋಡಿದ ನೋಟವನ್ನು ಹಸಿರಪ್ಪ ಸಾಯುವವರೆಗೂ ಮರೆಯುವಂತಿರಲಿಲ್ಲ. ಸೀಮೆಸುಣ್ಣ ತಂದು ಪೆಟ್ಟಿಗೆಯ ಸುತ್ತ ದೊಡ್ಡ ಗೆರೆ ಎಳೆದ. ಮಕ್ಕಳು ಗೆರೆಯಾಚೆ ಮೊಣಕಾಲೂರಿ ಕೂತರು. ಆ ಅರ್ಧ ಗಂಟೆ ಅವನು ನಿಜಕ್ಕೂ ಸುಖವಾಗಿದ್ದ. ನೀವು ಅವನನ್ನು ಸುಖವಾಗಿ ನೋಡಬೇಕೆಂದಿದ್ದರೆ ಈಗಲೇ ನೋಡಿಬಿಡಿ; ಈ ಕಥೆಯಲ್ಲಿ ಮತ್ತೆ ಅಂಥದ್ದು ಬರುವುದಿಲ್ಲ.

ಮಕ್ಕಳೆಲ್ಲ ಊಟಕ್ಕೆ ಹೋದ ಮೇಲೆ, ತನ್ನ ಹಕ್ಕಿಯ ಮೊಟ್ಟೆಯನ್ನು ತಾನೂ ಒಮ್ಮೆ ಹತ್ತಿರದಿಂದ ನೋಡೋಣವೆಂದು ಹಸಿರಪ್ಪ ಗೆರೆ ದಾಟಿದ. ಬಾಗಿದ. ಮೂಗಿಗೆ ಒಂದು ವಾಸನೆ ಬಡಿಯಿತು. ಚಳಿಗಾಲ ಮುಗಿದ ಮೇಲೆ ಉಣ್ಣೆಯ ಬಟ್ಟೆ ಮಡಚಿಡುವಾಗ ಬೀರುವಿನಿಂದ ಬರುವ ವಾಸನೆ.

ನುಸಿಗುಳಿಗೆ.

ನೆನಪು ಮರಳಿತು. ಕಳೆದ ತಿಂಗಳು ಆ ಪೆಟ್ಟಿಗೆಯೊಳಗೆ ಹಲ್ಲಿ ಹೊಕ್ಕು ಫ್ಯೂಸು ಹಾರಿದಾಗ ಕಾರ್ಯದರ್ಶಿ, "ಸದರಿ ಹಲ್ಲಿಗೆ ನೀವೇ ಏನಾದ್ರೂ ಮಾಡಿ" ಎಂದಿದ್ದರು. ವಾಸನೆಗೆ ಹಲ್ಲಿ ಬರಲಾರದೆಂದು ಹಸಿರಪ್ಪ ಮನೆಯ ಬೀರುವಿನಿಂದ ನುಸಿಗುಳಿಗೆ ಎತ್ತಿಕೊಂಡು, ಕೊಳಾಯಿ ರಿಪೇರಿಯವನು ಬಿಟ್ಟುಹೋಗಿದ್ದ ಸೆಣಬಿನ ನಾರಿನಲ್ಲಿ ಸುತ್ತಿ, ಸ್ವಿಚ್ಚಿನ ಮೇಲ್ಗಡೆ ತುರುಕಿದ್ದ. ಪಂಪಿನ ನಡುಕಕ್ಕೆ ಅದು ಜಾರಿ ಕೆಳಗೆ ಕೂತಿತ್ತು. ನಾಚುಹಕ್ಕಿ ಬೇರೆ ಯಾರೂ ಅಲ್ಲ, ಅವನೇ.

ಈಗಲೇ ತೆಗೆದು ಬಿಸಾಡಲೇ ಎಂದು ಕೈ ಚಾಚಿದ. ಮೇಲಿನಿಂದ ಅಜ್ಜಿಯ ಧ್ವನಿ ಮೊಳಗಿತು: "ಗೆರೆಯೊಳಗೆ ಮನುಷ್ಯ! ಗೆರೆಯೊಳಗೆ ಮನುಷ್ಯ! ಓ, ಹಸಿರಪ್ಪನವರು... ಬಾಗಿದರು... ಮೂಸಿದರು... ಕಣ್ಣಲ್ಲಿ ನೀರು! ಎಂಥಾ ಪ್ರೀತಿ ನೋಡಿ!"

ಅಜ್ಜಿಯ ಕೂಗಿಗೆ ಕಾರ್ಯದರ್ಶಿ ಮಧ್ಯಾಹ್ನದ ನೀರು ಬಿಡಲು ಬರುತ್ತಿದ್ದವರು ಓಡಿಯೇ ಬಂದರು. ಹಿಂದೆಯೇ ಮಕ್ಕಳು ಬಂದರು. ಗೆರೆಯ ಉದ್ದಕ್ಕೂ ಕೈಕೈ ಹಿಡಿದು ನಿಂತರು. ನಡುವೆ ಹಸಿರಪ್ಪನ ಮಗಳು.

"ಹಿಡಿ ಎಳೆದ್ರೆ ಮೊಟ್ಟೆ ಒಡೆಯುತ್ತೆ ತಾತಾ" ಎಂದಳು ವಕೀಲಿ. "ಮೊದಲು ನಮ್ಮ ಮೇಲೆ ನಡ್ಕೊಂಡು ಹೋಗಿ."

ಕಾರ್ಯದರ್ಶಿ ಗಲ್ಲ ಕೆರೆದುಕೊಂಡರು. "ತಜ್ಞರು ಏನಂತಾರೆ?"

ಹಸಿರಪ್ಪ ಮಗಳತ್ತ ನೋಡಿದ. ಅವಳ ಮುಖ ದೀಪದ ಹಾಗಿತ್ತು. "ಮರಿ... ಆಗೋವರೆಗೂ... ಮುಟ್ಟಬಾರದು" ಎಂದ. ಪ್ರತಿ ಪದವನ್ನೂ ಒಂದೊಂದು ಹಲ್ಲು ಕಿತ್ತಂತೆ ಹೊರಗೆ ತೆಗೆದ.

"ಆದೇಶವಾಗಿದೆ" ಎಂದರು ಕಾರ್ಯದರ್ಶಿ. ಪಂಪು ನಿಂತಿತು.

ಮಾರನೆಯ ದಿನದಿಂದ ನಾಲ್ಕು ಮಹಡಿಯ ಜನ ಬಕೆಟ್ಟು, ಕೊಡ, ಕುಕ್ಕರು ಹಿಡಿದು ಮೆಟ್ಟಿಲು ಹತ್ತಿ ಇಳಿಯತೊಡಗಿದರು. ಮೊದಮೊದಲು ಅದರಲ್ಲೂ ಒಂದು ಹಬ್ಬದ ಕಳೆಯಿತ್ತು. ಎಷ್ಟೋ ವರ್ಷ ಮಾತು ಬಿಟ್ಟಿದ್ದವರು ತೊಟ್ಟಿಯ ಹತ್ತಿರ ಮಾತಾಡಿಕೊಂಡರು. ಸ್ವಲ್ಪ ದಿನ ಕಳೆದ ಮೇಲೆ ಅದೇ ತೊಟ್ಟಿಯ ಹತ್ತಿರ ಮತ್ತೆ ಮಾತು ಬಿಟ್ಟರು. ಹಸಿರಪ್ಪನ ಮನೆ ಇದ್ದುದು ನಾಲ್ಕನೆಯ ಮಹಡಿಯಲ್ಲಿ. ಎರಡು ಕೈಗೂ ಬಕೆಟ್ಟು ಹಿಡಿದು ಏರುವಾಗ ಅವನಿಗೆ ಎದುರಾದವರೆಲ್ಲ, "ಹೇಗಿದೆ ಸಾರ್ ನಿಮ್ಮ ಹಕ್ಕಿ?" ಎಂದು ಕೇಳುವರು. ಅವನು ಏದುಸಿರಲ್ಲೇ, "ಇದೆ... ಇದೆ..." ಎನ್ನುವನು.

ಮನೆಯೊಳಗೆ ಹೆಂಡತಿ ಬೀರುವಿನಲ್ಲಿದ್ದುದನ್ನೆಲ್ಲ ಹೊರಗೆ ಹರವಿದ್ದಳು. "ರೀ, ಉಣ್ಣೆ ಬಟ್ಟೆ ಮಡಚಿಡ್ಬೇಕು. ಇಲ್ಲಿದ್ದ ನುಸಿಗುಳಿಗೆ ಎಲ್ಲಿ ಹೋದ್ವು?"

"ಹಾರಿ ಹೋಗಿರ್ಬೇಕು" ಎಂದ ಹಸಿರಪ್ಪ, ಮಂಕಾಗಿ.

"ಹಾರೋಕೆ ಅದೇನು ಹಕ್ಕಿಯಾ?"

ಹಸಿರಪ್ಪ ಬಕೆಟ್ಟು ಹಿಡಿದು ಮತ್ತೆ ಕೆಳಗಿಳಿದ, ನೀರು ಬೇಕಿಲ್ಲದಿದ್ದರೂ.

ವಿಷಯ ಕಟ್ಟಡದೊಳಗೇ ಇದ್ದಿದ್ದರೆ ಹೇಗೋ ಮುಗಿಯುತ್ತಿತ್ತು. ಆದರೆ ದುರ್ಬೀನಜ್ಜಿ ಫೋನು ಮಾಡಿ ಪಕ್ಷಿ ಸಂರಕ್ಷಣೆಯ ಅಧಿಕಾರಿಯನ್ನೇ ಕರೆಸಿಬಿಟ್ಟರು. ಅಧಿಕಾರಿ ಜೀಪಿನಿಂದ ಇಳಿದವರೇ ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ಗರಿಯ ಹತ್ತಿರ ಹೋದರೆ ಅವರಿಗೆ ಸೀನು ಬರುತ್ತಿತ್ತಂತೆ. ಗೆರೆಯಾಚೆಯೇ ನಿಂತು ಪೆಟ್ಟಿಗೆಯ ಬದಲು ಹಸಿರಪ್ಪನನ್ನೇ ಮೇಲಿಂದ ಕೆಳಗೆ ನೋಡಿದರು.

"ನಾಚುಹಕ್ಕಿ ಅಂತ ಗುರುತಿಸಲಾಗಿದೆಯೋ?"

"ಅದು... ಹಾಗಂತ..." ಎಂದ ಹಸಿರಪ್ಪ.

"ಉದ್ಯಾನ ಇಲಾಖೆಯಿಂದಲೇ ಗುರುತಿಸಲಾಗಿದೆ ಅಂದ್ಮೇಲೆ ನಮ್ಮ ಕಡೆಯಿಂದ ಒಪ್ಪಲಾಗಿದೆ. ತಾಯಿ ಹಕ್ಕಿ ಎಲ್ಲಿ?"

"ಯಾರೂ ನೋಡಿಲ್ಲ ಸಾರ್."

"ಸರಿಯಾಗಿದೆ. ಇಂಥ ಹಕ್ಕಿ ಕಣ್ಣಿಗೆ ಬಿದ್ದಿದ್ರೆ ನಮಗೆ ಅನುಮಾನ ಬರ್ತಿತ್ತು." ಎಂದವರೇ ಗೋಡೆಗೆ ಎಚ್ಚರಿಕೆಯ ಚೀಟಿ ಅಂಟಿಸಿ, ಮುಟ್ಟಿದವರನ್ನು ಬಂಧಿಸಲಾಗುವುದು ಎಂದು ಘೋಷಿಸಿ, ಸೀನುತ್ತ ಹೊರಟುಹೋದರು. ಇಷ್ಟು ದಿನ ಗುಳಿಗೆ ಬಿಸಾಡಿದ್ದರೆ ಬರೀ ಮಾನ ಹೋಗುತ್ತಿತ್ತು. ಈಗ ಮನುಷ್ಯನೇ ಹೋಗುವ ಹಾಗಾಯಿತು.

ಇನ್ನೊಂದು ಸಂಕಟ ಸದ್ದಿಲ್ಲದೆ ಬರುತ್ತಿತ್ತು. ಹೊರಗೆ ಬಿಸಿಲೇರಿದಂತೆ ನುಸಿಗುಳಿಗೆ ಕರಗಿ ಗಾಳಿಯಾಗುತ್ತದೆ ಎಂಬುದು ಬಟ್ಟೆ ಮಡಚುವ ಎಲ್ಲರಿಗೂ ಗೊತ್ತು. ಮೊಟ್ಟೆ ಹಾಗೆ ಆಗುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು.

"ಅಂಕಲ್" ಎಂದಳು ವಕೀಲಿ ಒಂದು ಬೆಳಿಗ್ಗೆ, ಅಜ್ಜಿಯ ದುರ್ಬೀನನ್ನು ಕಣ್ಣಿಂದ ತೆಗೆಯದೆ. "ಮೊಟ್ಟೆ ಸಣ್ಣ ಆಗಿದೆ."

"ಛೇ! ನೀನು ದೊಡ್ಡ ಆಗಿದ್ದೀಯ."

"ರಾತ್ರಿಯಿಂದ ಬೆಳಿಗ್ಗೆಗೆ?"

"ವಸಂತ ಅಲ್ವೇನಮ್ಮ, ಎಲ್ಲಾ ಬೆಳೆಯುತ್ತೆ."

"ಮೊಟ್ಟೆ ಬಿಟ್ಟು?"

ಆಗ ಮಗಳು ಮುಂದೆ ಬಂದು, ಸೊಂಟಕ್ಕೆ ಕೈಯಿಟ್ಟು, ಅಪ್ಪನ ಧಾಟಿಯಲ್ಲೇ, ಕಣ್ಣು ಕಿರಿದು ಮಾಡಿ ಹೇಳಿದಳು: "ಅದು ನಾಚುಹಕ್ಕಿ ಮೊಟ್ಟೆ ಕಣೇ. ನೀವೆಲ್ಲ ಹಾಗೆ ದುರುಗುಟ್ಟಿ ನೋಡಿದ್ರೆ ಮುದುಡಿಕೊಳ್ಳಲ್ವಾ?"

ಮಕ್ಕಳೆಲ್ಲ ತಲೆಯಾಡಿಸಿದರು. ಕಾರ್ಯದರ್ಶಿಯೂ ತಲೆಯಾಡಿಸಿದರು. ಹಸಿರಪ್ಪ ಮಾತ್ರ ತಣ್ಣಗಾಗಿಹೋದ. ತನ್ನ ಸುಳ್ಳು ತನ್ನನ್ನು ಕೊಂದಿದ್ದರೆ ಸಹಿಸುತ್ತಿದ್ದನೇನೋ. ಅದು ಮಗಳ ಬಾಯಲ್ಲಿ ಇಷ್ಟು ಮುದ್ದಾಗಿ ಬಂದದ್ದನ್ನು ಸಹಿಸಲಾಗಲಿಲ್ಲ. ಅವಳು ದಿನವೂ ಬೆಳಿಗ್ಗೆ ತಾಯಿ ಹಕ್ಕಿಗೆಂದು ಒಂದು ಹಿಡಿ ಕಾಳನ್ನು ಗೆರೆಯಾಚೆಯಿಂದ ಪೆಟ್ಟಿಗೆಯ ಬುಡಕ್ಕೆ ಎಸೆಯುತ್ತಿದ್ದಳು. "ಅದು ನಾಚ್ಕೊಂಡು ಹಸ್ಕೊಂಡಿರುತ್ತೆ ಅಪ್ಪಾ" ಎನ್ನುತ್ತಿದ್ದಳು. ಕಾಳು ಬೀಳುವ ಒಂದೊಂದು ಸದ್ದೂ ಹಸಿರಪ್ಪನ ಬೆನ್ನಿಗೆ ಬಿದ್ದ ಕಲ್ಲಿನಂತಿರುತ್ತಿತ್ತು.

ಗುಳಿಗೆಗಳು ಕಾಳಾದವು, ಕಾಳು ಚುಕ್ಕೆಯಾದವು. ದುರ್ಬೀನಜ್ಜಿ ಮಾತ್ರ, "ತಾಯಿ ಬಂತು! ಕಂದು ಬಣ್ಣ! ಒಳಗೆ ಹೋಯ್ತು!" ಎಂದು ಬೊಬ್ಬೆ ಹಾಕುತ್ತಿದ್ದರು. ಆದರೆ ಅಜ್ಜಿ ಹಿಂದಿನ ವಾರವೂ ಒಣಗಲು ಹಾಕಿದ ಕಾಲುಚೀಲವನ್ನು ತಾಯಿಯೆಂದು ಗುರುತಿಸಿದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೊಂದು ಬೆಳಿಗ್ಗೆ ವಕೀಲಿ ದುರ್ಬೀನಿಟ್ಟು ನೋಡಿ ಕೂಗಿದಳು: "ಒಂದೂ ಕಾಣ್ತಿಲ್ಲ! ಮರಿಯಾಗಿ ಹಾರಿಹೋಗಿವೆ!"

ಕಟ್ಟಡ ಕುಣಿಯಿತು. ಬಾಲ್ಕನಿಗಳಿಂದ ಚಪ್ಪಾಳೆ ಬಿದ್ದಿತು. ಜನ ಮರಿಗಳಿಗಿಂತ ಹೆಚ್ಚಾಗಿ ಸ್ನಾನವನ್ನು ನೆನೆದು ಕಣ್ಣೀರು ಹಾಕಿದರು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ಇನ್ನು ಮುಂದೆ ಪ್ರತಿ ವಸಂತದಲ್ಲೂ ಮಕ್ಕಳ ಶಿಬಿರದ ಖಾಯಂ ನಿರ್ದೇಶಕರಾಗಿ ಸದರಿ ಹಸಿರಪ್ಪನವರನ್ನ..." ಎನ್ನುವಷ್ಟರಲ್ಲಿ ಹಸಿರಪ್ಪನೊಳಗೆ ಏನೋ ಪಟ್ಟನೆ ತುಂಡಾಯಿತು.

"ನಿಲ್ಸಿ!" ಎಂದು ಅರಚಿದ. "ಅದು ಮೊಟ್ಟೆ ಅಲ್ಲ! ನುಸಿಗುಳಿಗೆ! ಹಲ್ಲಿ ಬರದ ಹಾಗೆ ನಾನೇ ಇಟ್ಟಿದ್ದು! ನಾಚುಹಕ್ಕಿ ಅಂತ ಹಕ್ಕಿನೇ ಇಲ್ಲ! ನನಗೆ ಹಕ್ಕಿ ಗೊತ್ತಿಲ್ಲ, ಗಿಡ ಗೊತ್ತಿಲ್ಲ, ಏನೂ ಗೊತ್ತಿಲ್ಲ! ನಾನು ಬೆಂಚು!"

ಕಾರ್ಯದರ್ಶಿ ಮೆಲ್ಲಗೆ ನಕ್ಕರು. "ನೋಡ್ರಪ್ಪಾ ವಿನಯ ಅಂದ್ರೆ! ಇಷ್ಟೆಲ್ಲಾ ಮಾಡಿ ನಾನು ಮಾಡಿಲ್ಲ ಅಂತಾರೆ."

"ಅಧಿಕಾರಿನೇ ಒಪ್ಪಿದ್ದಾರಲ್ಲ" ಎಂದರು ಯಾರೋ. "ನೀರು ಹೊತ್ತು ಹೊತ್ತು ತಲೆ ಸ್ವಲ್ಪ ತಿರುಗಿದೆ ಪಾಪ" ಎಂದರು ಇನ್ನೊಬ್ಬರು. ಅಜ್ಜಿ ಮೇಲಿನಿಂದ, "ಕಣ್ಣಲ್ಲಿ ಮತ್ತೆ ನೀರು! ದೊಡ್ಡ ಮನಸ್ಸು!" ಎಂದು ಸಾರಿದರು. ಹೆಂಡತಿ ಮಾತ್ರ, "ಅದಕ್ಕೇ ನನ್ನ ಬೀರು ಖಾಲಿ" ಎಂದು ಹಲ್ಲು ಕಡಿದಳು. ಅವಳಿಗೆ ಅದು ಹೊಸ ವಿಷಯವೂ ಅಲ್ಲ, ದೊಡ್ಡ ವಿಷಯವೂ ಅಲ್ಲ. ಅವಳು ಅವನನ್ನು ಮದುವೆಯಾದಾಗಿನಿಂದ ನೋಡುತ್ತಿದ್ದಳು.

ಹಾಗೆ ನೋಡಿದರೆ, ಅವನ ಮಾತು ಹೊಸದಾಗಿ ನಾಟಿದ್ದು ಒಬ್ಬಳಿಗೇ. ಯಾರೊಬ್ಬಳಿಗೆ ಈ ನಿಜ ತಿಳಿಯಬಾರದೆಂದು ಇಷ್ಟು ದಿನ ನಾಲ್ಕು ಮಹಡಿ ನೀರು ಹೊತ್ತನೋ, ಅವಳಿಗೆ. ಮಗಳು ಅವನನ್ನು ನೋಡಿದಳು. ಮುಖದ ದೀಪ ಆರಿತ್ತು.

"ಹಾಗಾದ್ರೆ ನಾನು ಹಾಕಿದ ಕಾಳೆಲ್ಲಾ ಯಾರು ತಿಂದ್ರು?" ಎಂದಳು. ಉತ್ತರಕ್ಕೆ ಕಾಯದೆ ಗೆರೆ ದಾಟಿ ಪೆಟ್ಟಿಗೆಯತ್ತ ನಡೆದಳು. ಇನ್ನೇನಿದೆ ಅಲ್ಲಿ ಎಂದು ಯಾರೂ ತಡೆಯಲಿಲ್ಲ. ಕಾರ್ಯದರ್ಶಿಯೂ ತೋಳು ಮಡಚುತ್ತ ಹಿಡಿ ಎಳೆಯಲು ಹೊರಟರು.

ಮಗಳು ತುದಿಗಾಲಲ್ಲಿ ನಿಂತು ಒಳಗೆ ಇಣುಕಿದಳು. "ಇದೆ."

"ಏನಿದೆ?"

"ಮೊಟ್ಟೆ. ನಾರಿನ ಹಿಂದೆ. ಇದಕ್ಕೆ ಚುಕ್ಕೆ ಇದೆ. ವಾಸನೆ ಇಲ್ಲ."

"ಅದು ಮೊಟ್ಟೆ ಅಲ್ಲಮ್ಮಾ" ಎಂದರು ಕಾರ್ಯದರ್ಶಿ ಅಕ್ಕರೆಯಿಂದ. "ನುಸಿಗುಳಿಗೆ. ನಿಮ್ಮಪ್ಪನೇ ಈಗ ತಾನೇ ಹೇಳಿಕೆ ಕೊಟ್ಟರಲ್ಲ, ಎಲ್ಲರ ಸಮಕ್ಷಮದಲ್ಲಿ."

"ಹೌದೌದು, ಹೇಳಿದ್ರು!" ಎಂದು ಬಾಲ್ಕನಿಗಳೆಲ್ಲ ಒಂದೇ ಕೊರಳಲ್ಲಿ ಕೂಗಿದವು. ಅರೆಗಳಿಗೆ ಹಿಂದೆ ಒಬ್ಬರೂ ನಂಬದ ಮಾತನ್ನು ಈಗ ನೆಲದಿಂದ ನಾಲ್ಕನೆಯ ಮಹಡಿಯವರೆಗೆ ಎಲ್ಲರೂ ನಂಬಿದರು. ನೀರಿನ ಆಸೆ ಅಂಥದು. "ಎಳೀರಿ ಸಾರ್, ಎಳೀರಿ!"

ಕಾರ್ಯದರ್ಶಿಯ ಕೈ ಹಿಡಿಯ ಮೇಲೆ ಕೂತಿತು. ಮಗಳು ತಿರುಗಿ ನೋಡಿದಳು. "ಅಪ್ಪಾ!"

ಹಸಿರಪ್ಪ ಓಡಿದ. ನುಗ್ಗಿ ತನ್ನ ಕೈಯನ್ನೇ ಹಿಡಿಯ ಕೆಳಗೆ ತೂರಿಸಿದ. ಹಿಡಿ ಬಂದು ಬೆರಳ ಮೇಲೆ ಕೂತಿತು. ಹಸಿರಪ್ಪ ಬಾಯಿಬಿಟ್ಟ ಬೊಬ್ಬೆಗೆ ಪೆಟ್ಟಿಗೆಯ ಮೇಲ್ಮೂಲೆಯ ಕತ್ತಲಿನಿಂದ ಕಂದು ಬಣ್ಣದ ಏನೋ ಒಂದು ಭರ್‍ರನೆ ಹೊರಗೆ ಹಾರಿ, ಕಾರ್ಯದರ್ಶಿಯ ಬೋಳುತಲೆಯ ಮೇಲೆ ತನ್ನ ಹೇಳಿಕೆಯನ್ನು ಬಿಸಿಬಿಸಿಯಾಗಿ ದಾಖಲಿಸಿ, ಗೋಡೆಯಾಚೆಗೆ ಮರೆಯಾಯಿತು.

"ನಾನು ಹೇಳ್ಲಿಲ್ವಾ, ಕಂದು ಬಣ್ಣ!" ಎಂದರು ಅಜ್ಜಿ.

ಕಾರ್ಯದರ್ಶಿ ನೆತ್ತಿ ಮುಟ್ಟಿಕೊಂಡು, ಬೆರಳು ನೋಡಿಕೊಂಡು, ಹಿಡಿಯಿಂದ ಕೈ ತೆಗೆದರು. ವಾದ ಮುಗಿದಿತ್ತು. ಬಾಲ್ಕನಿಗಳಲ್ಲಿ ಜನ ಒಬ್ಬೊಬ್ಬರಾಗಿ ಬಕೆಟ್ಟಿಗೆ ಬಗ್ಗಿದರು.

"ಇದು ಯಾವ ಹಕ್ಕಿ ಸಾರ್?" ಎಂದು ಯಾರೋ ಸೋತ ದನಿಯಲ್ಲಿ ಕೇಳಿದರು.

ಎಲ್ಲರೂ ಹಸಿರಪ್ಪನ ಬಾಯಿ ನೋಡಿದರು. ಮಗಳೂ ನೋಡಿದಳು. ಅವನ ನಾಲಿಗೆಯ ತುದಿಗೆ ಏಳೆಂಟು ಹೆಸರು ಬಂದು ಕೂತವು. ಊದಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಅವನ್ನೆಲ್ಲ ನುಂಗಿ, "ಗೊತ್ತಿಲ್ಲ" ಎಂದ.

"ಅವರಿಗೇ ಗೊತ್ತಿಲ್ಲ ಅಂದ್ರೆ ಅದಿನ್ನೆಂಥ ಅಪರೂಪದ್ದು ಇರ್ಬೇಡ!" ಎಂದು ಅಜ್ಜಿ ಆಗಲೇ ಅಧಿಕಾರಿಗೆ ಫೋನು ತಿರುಗಿಸುತ್ತಿದ್ದರು.

ಮಗಳು ಮೂಲೆಯಿಂದ ಸೀಮೆಸುಣ್ಣ ತಂದು, ಅಳಿಸಿಹೋಗಿದ್ದ ಗೆರೆಯನ್ನು ಮತ್ತೆ ಎಳೆದಳು. ಆಮೇಲೆ ತೊಟ್ಟಿಯ ಹತ್ತಿರ ಬಂದು ಚಿಕ್ಕ ಬಕೆಟ್ಟನ್ನು ತಾನು ಎತ್ತಿಕೊಂಡು, ದೊಡ್ಡದನ್ನು ಅಪ್ಪನತ್ತ ತಳ್ಳಿದಳು.

"ಮರಿ ಆಗೋಕೆ ಎಷ್ಟು ದಿನ ಬೇಕಪ್ಪಾ?"

"ಅದೂ ಗೊತ್ತಿಲ್ಲ ಪುಟ್ಟೀ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಅವನ ಮುಖವನ್ನೊಮ್ಮೆ ನೋಡಿದಳು. "ಸರಿ ಹಾಗಾದ್ರೆ" ಎಂದು ಮುಂದೆ ನಡೆದಳು. ಹಸಿರಪ್ಪ ಒಳ್ಳೆಯ ಕೈಯಲ್ಲಿ ಬಕೆಟ್ಟು ಎತ್ತಿ ಹಿಂದೆ ಹೊರಟ. ನಾಲ್ಕನೆಯ ಮಹಡಿ ಎಂದಿಗಿಂತಲೂ ಎತ್ತರದಲ್ಲಿತ್ತು.